ಎಡೆಗಿಟ್ಟ ಗೇಮು

ನನಗೆ ದೆವ್ವ ಭೂತದಲ್ಲಿ ನಂಬಿಕೆ ಇಲ್ಲ. ಬದುಕಿರುವವರ ಕಾಟವೇ ಬೇಕಾದಷ್ಟಿರುವಾಗ ಸತ್ತವರನ್ನು ಯಾಕೆ ಎಳೆದು ತರಬೇಕು? ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ನೇತ್ರಾವತಿಗೂ ಇದನ್ನೇ ಹೇಳುತ್ತಿದ್ದೆ. ಅವಳು "ನೀವು ಸುಮ್ನಿರಿ ಲಕ್ಷ್ಮಕ್ಕ" ಎಂದು ಮೆಟ್ಟಿಲು ಹತ್ತಿಬಿಡುತ್ತಿದ್ದಳು. ನನ್ನ ಪೂರ್ತಿ ಹೆಸರು ಮಹಾಲಕ್ಷ್ಮಮ್ಮ. ತುಮಕೂರಿನ ಬಟವಾಡಿಯಲ್ಲಿ ನಮ್ಮ ಬೀದಿಯವರಿಗೆಲ್ಲ ನಾನು ಲಕ್ಷ್ಮಕ್ಕ, ಬಾಯಿ ಜೋರಿನವಳು. ಜೋರಿದ್ದರೆ ಇರಲಿ, ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ನೇತ್ರಾವತಿಗೆ ನಲವತ್ತು ದಾಟಿದೆ. ಗುಬ್ಬಿಯ ಒಂದು ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ಕೆಲಸ. ಬೆಳಗ್ಗೆ ಊಟದ ಡಬ್ಬಿ ಹಿಡಿದು ಬಸ್ಸಿಗೆ ಓಡುತ್ತಾಳೆ, ಸಂಜೆ ಸೊಪ್ಪಿನ ಕಟ್ಟು ಹಿಡಿದು ಬರುತ್ತಾಳೆ. ಹುಟ್ಟೂರು ಕುಣಿಗಲ್ ಕಡೆಯ ಕೊತ್ತಗೆರೆ. ಅಪ್ಪ ವೆಂಕಟರಂಗಯ್ಯ ತೀರಿಕೊಂಡಾಗ ಅವಳಿನ್ನೂ ಪಿಯುಸಿ. ತಮ್ಮ ಅನಂತರಾಜುವಿಗೆ ಮೂಗು ಒರೆಸಿಕೊಳ್ಳಲೂ ಬರುತ್ತಿರಲಿಲ್ಲ. ಅಲ್ಲಿಂದ ಅವನ ಫೀಸು, ಅವನ ಜ್ವರ, ಅವನ ಹಟ ಎಲ್ಲವೂ ಅವಳ ತಲೆಗೇ ಬಂತು. ಅವನಿಗೊಂದು ದಾರಿಯಾಗಲಿ, ಆಮೇಲೆ ನನ್ನ ಮದುವೆ ಎಂದಳಂತೆ. ಅವನಿಗೆ ದಾರಿಯಾಗುವ ಹೊತ್ತಿಗೆ ಇವಳನ್ನು ಕೇಳಿಕೊಂಡು ಬರುವವರು ನಿಂತುಹೋಗಿದ್ದರು. ಆ ವಿಷಯ ಎತ್ತಿದರೆ ನಗುತ್ತಾಳೆ, ನನಗೇ ಹೊಟ್ಟೆ ಉರಿಯುತ್ತದೆ.

ತಮ್ಮ ಹತ್ತನೇ ಕ್ಲಾಸು ಪಾಸಾದಾಗ ಅವಳು ಬೆಂಗಳೂರಿಗೆ ಹೋಗಿ ಅವನಿಗೊಂದು ಕೈಯಲ್ಲಿ ಹಿಡಿದು ಆಡುವ ಗೇಮು ತಂದುಕೊಟ್ಟಳು. ಯಾರೋ ಬಳಸಿದ್ದು, ಮೂಲೆಯಲ್ಲಿ ಸವೆದಿತ್ತು. ಆಟ ಮಾತ್ರವಲ್ಲ, ಅದರಲ್ಲಿ ಫೋಟೋ ತೆಗೆಯಬಹುದು, ಹಾಡು ಕೇಳಬಹುದು, ಮಾತು ಹಿಡಿದಿಡಬಹುದು. ಹಿಡಿದ ಮಾತನ್ನು ಬೇಕಾದರೆ ಇಲಿಯ ಹಾಗೆ ಕೀಚಲು ಮಾಡಬಹುದು, ಬೇಕಾದರೆ ಕೋಣನ ಹಾಗೆ ದಪ್ಪ ಮಾಡಬಹುದು. ತೆಗೆದ ಫೋಟೋಗಳು ಒಂದಾದ ಮೇಲೊಂದು ತಾವೇ ಬರುವ ಹಾಗೆ ಮಾಡಿ, ಯಾವ ಫೋಟೋಗೆ ಬೇಕೋ ಅದಕ್ಕೊಂದು ದನಿ ಅಂಟಿಸಲೂಬಹುದು. ಎಲ್ಲರ ಕೈಗೂ ದೊಡ್ಡ ದೊಡ್ಡ ಫೋನು ಬಂದ ಮೇಲೂ ಅನಂತರಾಜು ಅದನ್ನು ಬಿಡಲಿಲ್ಲ. ಅಮೃತೂರಿನಿಂದ ಕುಣಿಗಲ್ ಮೇಲೆ ತುಮಕೂರಿಗೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆದ. ಟಿಕೆಟಿನ ಚೀಲದಲ್ಲಿ ಚಿಲ್ಲರೆ ಕಾಸಿನ ಜೊತೆ ಆ ಗೇಮೂ ಇರುತ್ತಿತ್ತು. ಬಸ್ಸು ಹೊರಡುವ ತನಕ ಹಿಂದಿನ ಸೀಟಿನಲ್ಲಿ ಕೂತು ಟಕಟಕ ಒತ್ತುತ್ತಿದ್ದ.

ಮದುವೆಯಾಗಿ ವರ್ಷ ತುಂಬುವುದರೊಳಗೆ ಡೆಂಗಿ ಜ್ವರ ಬಂದು ಹೋಗಿಬಿಟ್ಟ. ಹೆಂಡತಿ ಮಾನಸಾ ತವರಿಗೆ ಹೋಗಲಿಲ್ಲ. ಅತ್ತೆ ಸಿದ್ದಗಂಗಮ್ಮನ ಜೊತೆ ಕೊತ್ತಗೆರೆಯಲ್ಲೇ ಉಳಿದು, ಕುಣಿಗಲ್ಲಿನ ಗಾರ್ಮೆಂಟ್ಸಿಗೆ ಹೋಗಿಬರತೊಡಗಿದಳು. ಗೇಮನ್ನು ನೇತ್ರಾವತಿ ತುಮಕೂರಿಗೆ ತಂದಿಟ್ಟುಕೊಂಡಳು.

ಅದರೊಳಗೆ ಅವನ ದನಿ ಇತ್ತು. ಮೈಕು ಸರಿಯಿದೆಯೋ ಇಲ್ಲವೋ ನೋಡಲು ಯಾವತ್ತೋ ಮನೆಯಲ್ಲಿ ಕೂತು ಹಿಡಿದದ್ದಿರಬೇಕು. "ಅವ್ವೋ, ಹಸಿವಾಗೈತೆ, ಬಡ್ಸವ್ವ." ಅಷ್ಟೇ. ಅದರ ಹಿಂದೆ ಒಂದು ಸಣ್ಣ ನಗು. ನೇತ್ರಾವತಿ ಅದನ್ನು ಮೊದಲ ಸಲ ಕೇಳಿದಾಗ ಮಹಡಿಯಿಂದ ಕೂಗಿಕೊಂಡಳು; ನಾನು ಒಗ್ಗರಣೆ ಬಿಟ್ಟು ಮೇಲಕ್ಕೆ ಓಡಿದೆ. ಅವಳು ಗೋಡೆಗೊರಗಿ ಕೂತಿದ್ದಳು, ಗೇಮು ತೊಡೆಯ ಮೇಲಿತ್ತು. ನನಗೂ ಕೇಳಿಸಿದಳು. ಸತ್ತ ಹುಡುಗ ಊಟ ಕೇಳುವುದನ್ನು ಕೇಳಿದರೆ ಯಾರಿಗೆ ತಾನೆ ಮೈ ಜುಮ್ಮೆನ್ನುವುದಿಲ್ಲ? ಆ ದಿನ ನನಗೆ ಊಟ ಸೇರಲಿಲ್ಲ.

ಗೇಮು ಆನ್ ಮಾಡಿದಾಗಲೆಲ್ಲ ಪರದೆಯ ಮೇಲೆ ಒಂದು ಪ್ರಶ್ನೆ ಬಂದು ನಿಲ್ಲುತ್ತಿತ್ತು: ಹೊಸ ಅಪ್‌ಡೇಟ್ ಬಂದಿದೆ, ಹಾಕಲೇ? ಅವಳು ಅದನ್ನು ಎಂ.ಜಿ. ರಸ್ತೆಯ ಒಂದು ಅಂಗಡಿಗೆ ತೆಗೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಇದು ಫರ್ಮ್‌ವೇರಿನದು, ಅಂದರೆ ಗೇಮಿನ ಒಳಗಿನ ಬುದ್ಧಿಯನ್ನೇ ಬದಲಾಯಿಸುತ್ತದೆ, ಹೊಸದರಲ್ಲಿ ಈ ಫೋಟೋ ಮತ್ತು ದನಿಯ ಸೌಕರ್ಯ ತೆಗೆದುಹಾಕಿದ್ದಾರೆ, ಹಿಡಿದಿಟ್ಟದ್ದೂ ಅಳಿಸಿಹೋಗುತ್ತದೆ, ಅದನ್ನು ಮೆಮೊರಿ ಕಾರ್ಡಿಗೆ ತೆಗೆದಿಡಲೂ ಬರುವುದಿಲ್ಲ, ಹೌದು ಅಂತ ಮಾತ್ರ ಒತ್ತಬೇಡಿ ಎಂದು ಅಂಗಡಿಯವನು ಹೇಳಿದ. ಅವತ್ತಿನಿಂದ ಅವಳು ಪ್ರತಿ ಸಲವೂ 'ಈಗ ಬೇಡ' ಎಂಬುದನ್ನೇ ಒತ್ತುತ್ತಿದ್ದಳು. ಬರೀ ಒತ್ತುವುದಲ್ಲ, ಬಾಯಲ್ಲೂ ಹೇಳುತ್ತಿದ್ದಳು. ಬಾಗಿಲಿಗೆ ಬಂದವರನ್ನು ಒಳಗೆ ಬಿಡದೆ ಕಳಿಸುವ ಹಾಗೆ, ಈಗ ಬೇಡ, ಈಗ ಬೇಡ. ಫೋನು ಹತ್ತಿರ ಹಿಡಿದು ಆ ದನಿಯನ್ನು ಇನ್ನೊಂದು ಕಡೆ ಇಟ್ಟುಕೊಳ್ಳೇ ಮಹಾರಾಯ್ತಿ ಎಂದು ನಾನು ಎಷ್ಟು ಸಲ ಹೇಳಿದೆನೋ. ನಕಲು ಮಾಡಿದರೆ ಅವನು ಬರೀ ಸೌಂಡ್ ಆಗಿಹೋಗುತ್ತಾನೆ ಎಂದಳು. ಇದ್ಯಾವ ಸೀಮೆಯ ಲೆಕ್ಕ ಎಂದು ಬೈದೆ. ಕೇಳಲಿಲ್ಲ.

ಅವರ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ಕ್ರಮ ಹೀಗೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಲೆಗೆ ಬಡಿಸಬೇಕು: ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಎಲೆಅಡಿಕೆ ಹಾಕುತ್ತಿದ್ದವರಿಗೆ ಎಲೆಅಡಿಕೆ. ಹೊಸ ಬಟ್ಟೆ ಮಡಚಿಡಬೇಕು. ಧೂಪ ಹಾಕಿ, ಎಲ್ಲರೂ ಕೋಣೆಯಿಂದ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಸತ್ತವರು ಬಂದು ಉಣ್ಣುವಾಗ ನೋಡಬಾರದು. ಒಳಗೆ ಹಲ್ಲಿ ಲೊಚಗುಟ್ಟಿತೋ, ಪಾತ್ರೆ ಅಲುಗಿತೋ, ಏನಾದರೊಂದು ಸದ್ದಾದರೆ ಅವರು ಬಂದರು ಎಂದು ಅರ್ಥ. ಅಲ್ಲಿಯ ತನಕ ಬಾಗಿಲು ತೆಗೆಯುವಂತಿಲ್ಲ, ಮನೆಯವರು ಯಾರೂ ಉಣ್ಣುವಂತಿಲ್ಲ. ಸದ್ದಾಗದಿದ್ದರೂ ಸ್ವಲ್ಪ ಹೊತ್ತು ನೋಡಿ ತೆಗೆಯುವ ಮನೆಗಳೇ ಹೆಚ್ಚು, ಸಿದ್ದಗಂಗಮ್ಮ ಮಾತ್ರ ಅದಕ್ಕೆ ಒಪ್ಪುವವಳಲ್ಲ.

ಮಗ ಸತ್ತ ಮೇಲಿನ ಮೊದಲ ಪಕ್ಷಕ್ಕೆ ಮೊದಲು ಸಿದ್ದಗಂಗಮ್ಮ ಅನ್ನ ಬಿಟ್ಟು ಕಡ್ಡಿಯಾಗಿದ್ದಳು. ಅವ್ವನೂ ಹೋಗಿಬಿಡುತ್ತಾಳೆ ಎಂದು ನೇತ್ರಾವತಿಗೆ ಹೆದರಿಕೆಯಾಯಿತು. ಆಗಲೇ ಅವಳಿಗೆ ಈ ಬುದ್ಧಿ ಹೊಳೆದದ್ದು. ಅನಂತರಾಜುವಿನ ಗೇಮನ್ನೂ ಎಡೆಗೆ ಇಡೋಣ ಎಂದಳು. ಅವನು ತೆಗೆದಿದ್ದ ಫೋಟೋಗಳನ್ನು ಸಾಲಾಗಿ ಜೋಡಿಸಿ, ಕಡೆಯದಕ್ಕೆ ಆ ದನಿ ಅಂಟಿಸಿದಳು. ದೀಪ ಸರಿಮಾಡುವ ನೆಪದಲ್ಲಿ ಹಿಂದುಳಿದು, ಗುಂಡಿ ಒತ್ತಿ, ಬಾಗಿಲೆಳೆದುಕೊಂಡು ಬಂದಳು. ಒಳಗೆ, ನೋಡುವವರಿಲ್ಲದ ಕೋಣೆಯಲ್ಲಿ, ಅವನ ಬಸ್ಸು, ಅವನ ಹೆಂಡತಿ, ಕುಣಿಗಲ್ ಕೆರೆಯ ಏರಿ ಒಂದೊಂದಾಗಿ ಬಂದುಹೋದವು. ಆಮೇಲೆ ಮುಚ್ಚಿದ ಬಾಗಿಲಿನಾಚೆಯಿಂದ ಅವನು ಊಟ ಕೇಳಿದ. ಸಿದ್ದಗಂಗಮ್ಮ ಹೊಸ್ತಿಲಿಗೆ ಹಣೆಯಿಟ್ಟು ಅತ್ತಳು. ಅವತ್ತು ಹೊಟ್ಟೆ ತುಂಬ ಉಂಡಳು.

ಊರಿಂದ ಬಂದು ನೇತ್ರಾವತಿ ನನಗೆ ಇದನ್ನು ಹೇಳಿದಾಗ ನಾನು ಉಗಿದುಬಿಟ್ಟೆ. ಹೆತ್ತ ತಾಯಿಗೆ ಇಂಥ ಮೋಸ ಮಾಡುತ್ತಾರಾ? ಅವ್ವ ಬದುಕಿದಳಲ್ಲ, ಬಿಡಿ ಎಂದಳು. ಅದೂ ನಿಜವೇ. ಹಾಗೆಯೇ ಮೂರು ವರ್ಷ ನಡೆಯಿತು, ಮೂರು ವರ್ಷವೂ ಅನಂತರಾಜು ಕೂಗಿದ.

ಈ ಮಧ್ಯೆ ಮಾನಸಾಳನ್ನು ಕೇಳಿಕೊಂಡು ಒಬ್ಬ ಬಂದ. ಕನಕರಾಜು ಅಂತ, ಅವಳ ಗಾರ್ಮೆಂಟ್ಸಿನಲ್ಲೇ ಮೆಷಿನ್ ರಿಪೇರಿ ಮಾಡುವವನು, ಮೆದು ಮಾತಿನ ಹುಡುಗ. ಮಾನಸಾಳಿಗೆ ಇನ್ನೂ ಮೂವತ್ತಾಗಿಲ್ಲ. ಅವಳಿಗೆ ಮನಸ್ಸಿತ್ತು, ಅವಳ ತವರಿನವರಿಗೆ ಒಪ್ಪಿಗೆಯಿತ್ತು, ಆದರೆ ಅತ್ತೆಯ ಮಾತು ಮೀರಿ ಹೆಜ್ಜೆ ಇಡುವವಳಲ್ಲ. ಸಿದ್ದಗಂಗಮ್ಮ ಒಪ್ಪಲಿಲ್ಲ. ಕೆಟ್ಟವಳಲ್ಲ ಅವಳು, ಸೊಸೆಯನ್ನು ಮಗಳ ಹಾಗೆಯೇ ನೋಡಿಕೊಂಡವಳು. ಗಂಡ ವರ್ಷಾ ವರ್ಷ ಬಂದು ಉಂಡು ಹೋಗುತ್ತಿದ್ದಾನೆ, ಅವನು ಬರುವ ಮನೆಯಿಂದ ಅವನ ಹೆಂಡತಿಯನ್ನು ಹೇಗೆ ಕಳಿಸಲಿ ಎಂಬುದೇ ಅವಳ ಪ್ರಶ್ನೆ. ಇದನ್ನು ಕೇಳಿಕೊಂಡು ಬಂದ ದಿನ ನೇತ್ರಾವತಿ ನಮ್ಮ ಅಡುಗೆಮನೆಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು. ಅವ್ವನನ್ನು ಉಳಿಸಲು ಹೋಗಿ ಆ ಹುಡುಗಿಯನ್ನು ಸತ್ತವನಿಗೆ ಕಟ್ಟಿಹಾಕಿದೆ ಎಂದಳು. ನಾನು ಆಡಬೇಕೆಂದಿದ್ದ ಮಾತನ್ನು ಅವಳೇ ಆಡಿದ್ದಳು.

ಆಮೇಲೆ ಅವಳೇ ಒಂದು ಉಪಾಯ ಹೂಡಿದಳು. ಅವ್ವ, ಅವನನ್ನೇ ಕೇಳು, ಈ ಪಕ್ಷದಲ್ಲಿ ಕೇಳು, ಒಪ್ಪಿಗೆ ಇದ್ದರೆ ಯಾವತ್ತಿನ ಹಾಗೆ ಕೂಗುತ್ತಾನೆ ಎಂದಳು. ಸಿದ್ದಗಂಗಮ್ಮ ಯೋಚನೆ ಮಾಡಿ ಆಗಲಿ ಎಂದಳು. ಮಗ ಕೂಗಿದರೆ ಸೊಸೆಯನ್ನು ತಾನೇ ಧಾರೆ ಎರೆದು ಕೊಡುತ್ತೇನೆ, ಕೂಗದಿದ್ದರೆ ಆ ಮಾತು ಮತ್ತೆ ಎತ್ತಬಾರದು ಎಂದು ಷರತ್ತು ಹಾಕಿದಳು. ಗೇಮು ತನ್ನ ಕೈಯಲ್ಲಿದೆ ಎಂಬ ಧೈರ್ಯ ನೇತ್ರಾವತಿಗೆ. ನೀವೂ ಬನ್ನಿ ಲಕ್ಷ್ಮಕ್ಕ, ಇದೇ ಕೊನೆ, ಇನ್ನು ಮುಂದೆ ಇಂಥದ್ದು ಮಾಡುವುದಿಲ್ಲ ಎಂದು ನನ್ನನ್ನೂ ಕರೆದಳು.

ಹಿಂದಿನ ದಿನ ಮಧ್ಯಾಹ್ನವೇ ಕೊತ್ತಗೆರೆ ಸೇರಿದೆವು. ಗೇಮನ್ನು ದೇವರ ಗೂಡಿನಲ್ಲಿಟ್ಟು ನೇತ್ರಾವತಿ ನನ್ನ ಜೊತೆ ಕಜ್ಜಾಯ ಬೇಯಿಸಲು ಕೂತಳು. ಮಾನಸಾ ಮನೆ ತೊಳೆದಳು, ಪಾತ್ರೆ ಬೆಳಗಿದಳು, ಗಂಡನ ಫೋಟೋದ ಗಾಜು ಒರೆಸಿದಳು. ಕಡೆಯ ಸಲ ಮಾಡುತ್ತಿದ್ದೇನೆ ಎಂಬ ಹಾಗೆ ಪ್ರತಿಯೊಂದನ್ನೂ ನಿಧಾನವಾಗಿ ಮಾಡುತ್ತಿದ್ದಳು. ನೋಡಿ ನನಗೆ ಪಾಪ ಅನ್ನಿಸಿತು.

ಮರುದಿನ ಮಧ್ಯಾಹ್ನಕ್ಕೆ ಎಡೆ ಸಿದ್ಧವಾಯಿತು. ಸಿದ್ದಗಂಗಮ್ಮ ಕರ್ಪೂರ ಹಚ್ಚಿ, ಮಗನ ಫೋಟೋದ ಮುಂದೆ ನಿಂತು, ಎದುರಿಗೆ ಕೂತವನನ್ನು ಕೇಳುವ ಹಾಗೆ ಕೇಳಿದಳು.

"ಮಗ, ಹುಡುಗಿ ವಯಸ್ಸಿನವ್ಳು. ಕಳ್ಸು ಅಂದ್ರೆ ಕಳಿಸ್ತೀನಿ. ನಿಂಗೆ ಒಪ್ಪಿಗೆ ಇದ್ರೆ ಒಂದ್ಸಲ ಕೂಗಪ್ಪ."

ನಾವು ಹೊರಗೆ ಬಂದೆವು. ನೇತ್ರಾವತಿ ದೀಪದ ನೆಪದಲ್ಲಿ ಹಿಂದುಳಿದಳು. ಯಾಕೋ ಹೊತ್ತಾಯಿತು. ಸಿದ್ದಗಂಗಮ್ಮ ಬಾರವ್ವ ಎಂದು ಕರೆದ ಮೇಲೆ ಬಂದಳು. ಬಂದವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಪಕ್ಕ ಕೂತು, ಕಿವಿಯ ಹತ್ತಿರ, ಅದರೊಳಗೆ ಏನೂ ಇಲ್ಲ ಲಕ್ಷ್ಮಕ್ಕ, ಎಲ್ಲ ಬೇರೆ ಥರ ಆಗಿದೆ ಎಂದಳು.

ಆಮೇಲೆ ಎದ್ದು ಹಿತ್ತಲಿಗೆ ಹೋದಳು. ನಾನೂ ಹೋದೆ. ಒಗೆಯುವ ಕಲ್ಲಿನ ಹತ್ತಿರ ಮಾನಸಾ ಕೈ ತೊಳೆಯುತ್ತಿದ್ದಳು. ಗೇಮಿಗೆ ಏನಾದರೂ ಮಾಡಿದೆಯಾ ಎಂದು ನೇತ್ರಾವತಿ ಕೇಳಿದಳು. ಮಾನಸಾ ನಾಚಿಕೊಂಡ ಹಾಗೆ ತಲೆ ತಗ್ಗಿಸಿದಳು.

"ಒರೆಸೋಕೆ ಅಂತ ತೆಗ್ದಿದ್ದೆ ಅತ್ಗೆ. ಹೊಸದು ಬಂದೈತೆ ಹಾಕ್ಲಾ ಅಂತ ಕೇಳ್ತು. ಎಡೆಗಿಡೋದೆಲ್ಲ ಹೊಸದೇ ಆಗ್ಬೇಕಲ್ವಾ? ನನ್ ಕೈಯಾರೆ ಇಡೋದು ಇದೇ ಕಡೇದು. ನನ್ ಫೋನಿಂದ ನೆಟ್ ಕೊಟ್ಟು ಹೌದು ಅಂತ ಒತ್ತಿದೆ."

ಬಟ್ಟೆ ಹೊಸದು, ಎಲೆ ಹೊಸದು, ಮಡಕೆ ಹೊಸದು. ಸತ್ತವರ ಮುಂದೆ ಹಳಸಲು ಇಡಬಾರದು ಎಂದು ಕಲಿತ ಹುಡುಗಿ, ಗಂಡನ ಗೇಮನ್ನೂ ಹೊಸದು ಮಾಡಿ ಇಟ್ಟಿದ್ದಾಳೆ. ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತಂತೆ, ಓದಲಿಲ್ಲವಂತೆ. ನಾನಾಗಿದ್ದರೂ ಓದುತ್ತಿರಲಿಲ್ಲ ಬಿಡಿ. ನೇತ್ರಾವತಿ ಅವಳ ತಲೆ ಸವರಿ, ಒಳ್ಳೇದು ಮಾಡಿದೆ ಎಂದಳು.

ನಾವು ಮತ್ತೆ ಬಾಗಿಲ ಮುಂದೆ ಕೂತೆವು. ಆ ರೀತಿ ನಾನು ಆಸ್ಪತ್ರೆಯಲ್ಲೂ ಕಾದಿಲ್ಲ. ಒಳಗಿನಿಂದ ಧೂಪದ ವಾಸನೆ, ಸಾರಿನ ವಾಸನೆ. ಹಾಳಾದ ಹಲ್ಲಿಯಾದರೂ ಒಂದು ಸಲ ಲೊಚಗುಟ್ಟಬಾರದೇ ಎಂದು ನಾನು, ಇದನ್ನೆಲ್ಲ ನಂಬದ ನಾನು, ಬೇಡಿಕೊಂಡೆ. ಏನೂ ಇಲ್ಲ. ಸಿದ್ದಗಂಗಮ್ಮ ಕಿವಿಯನ್ನು ಬಾಗಿಲಿಗೆ ಹಚ್ಚಿ ಕೂತಿದ್ದಳು. ಅವಳ ಮುಖದಲ್ಲಿ ಮೊದಲು ನಗುವಿತ್ತು, ಆಮೇಲೆ ಅನುಮಾನ ಬಂತು, ಆಮೇಲೆ ಅಪರಾಧ ಮಾಡಿದವಳ ಹಾಗೆ ಕಣ್ಣು ಕೆಳಗಾಯಿತು. ಅಂಗಳದ ಬಿಸಿಲು ಹಟ್ಟಿಯ ಗೋಡೆ ಏರಿತು. ನೇತ್ರಾವತಿ ಸೆರಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ನಾನು ಅವಳನ್ನು ತಿವಿದೆ. ಹೇಳಿದರೆ ತಾಯಿ ಸಾಯುತ್ತಾಳೆ, ಹೇಳದಿದ್ದರೆ ಈ ಹುಡುಗಿ ಬದುಕಿರುವಷ್ಟು ಕಾಲ ಇದೇ ಬಾಗಿಲ ಮುಂದೆ ಕೂತಿರುತ್ತಾಳೆ. ನನಗೂ ದಾರಿ ಕಾಣಲಿಲ್ಲ.

ಕೊನೆಗೆ ಸಿದ್ದಗಂಗಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು.

"ಅವ್ನಿಗೆ ಇಷ್ಟ ಇಲ್ಲ ಕಣವ್ವ. ಆ ಹುಡುಗನ ಕಡೆಯೋರ್ಗೆ ಬರಬ್ಯಾಡಿ ಅಂತ ಫೋನ್ ಮಾಡ್ಬುಡು."

ಮಾನಸಾ ಮೂಲೆಯಲ್ಲಿದ್ದ ಫೋನು ತೆಗೆದುಕೊಂಡಳು. ನಂಬರು ಹುಡುಕತೊಡಗಿದಳು. ನೇತ್ರಾವತಿ ಹೋಗಿ ಅವಳ ಕೈಯಿಂದ ಫೋನು ಕಿತ್ತುಕೊಂಡಳು.

"ಅವ್ವ, ಕೂಗ್ತಿದ್ದಿದ್ದು ಅವ್ನಲ್ಲ. ಆ ಗೇಮು. ನಾನು ಒತ್ತಿ ಬರ್ತಿದ್ದೆ."

ಸಿದ್ದಗಂಗಮ್ಮನಿಗೆ ಅರ್ಥವಾಗಲಿಲ್ಲ. ನೇತ್ರಾವತಿ ಎಲ್ಲವನ್ನೂ ಬಿಡಿಸಿ ಹೇಳಿದಳು: ಯಾವತ್ತೋ ಹಿಡಿದಿಟ್ಟ ದನಿ, ಫೋಟೋಗಳ ಸಾಲು, ದೀಪದ ನೆಪ, ನಿನ್ನೆ ಅಳಿಸಿಹೋದದ್ದು. ಕೇಳುತ್ತಾ ಕೇಳುತ್ತಾ ಮಾನಸಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಗೋಡೆಗೆ ಜರುಗಿದಳು. ಸಿದ್ದಗಂಗಮ್ಮ ಮಾತ್ರ ಅಳಲಿಲ್ಲ. ಮಗಳ ಕಡೆ ತಿರುಗಿ, ಹೋದ ವರ್ಷವೂ ನೀನೇನಾ ಎಂದಳು. ನಾನೇ ಎಂದಳು ನೇತ್ರಾವತಿ. ಮೊದಲನೇ ವರ್ಷ? ನಾನೇ. ಆಗ ಸಿದ್ದಗಂಗಮ್ಮನ ಕಣ್ಣಿನಲ್ಲಿ ಏನೋ ಹೊತ್ತಿಕೊಂಡಿತು. ಮಗಳ ತೋಳು ಹಿಡಿದುಕೊಂಡಳು.

"ನಡುವಿನ ವರ್ಷ ನೀನು ಇರ್ಲೇ ಇಲ್ವಲ್ಲ. ನೀನು ಬರೋ ಹೊತ್ಗೆ ಅವ್ನು ಕೂಗಿ, ನಾವು ಉಂಡೂ ಆಗಿತ್ತು. ಅದು ಅವ್ನೇ ತಾನೆ?"

ನೇತ್ರಾವತಿ ಮಾನಸಾಳ ಕಡೆ ನೋಡಿದಳು. ಮಾನಸಾ ಕೂಡ ಅವಳ ಬಾಯನ್ನೇ ನೋಡುತ್ತಿದ್ದಳು.

"ಅದರ ಹಿಂದಿನ ಭಾನುವಾರ ನಾನು ಬಂದಿದ್ನಲ್ಲವ್ವ. ಅವತ್ತೇ ಅಟ್ಟದ ಮೇಲೆ ಇಟ್ಟು, ಟೈಮ್ ಕೊಟ್ಟು ಹೋಗಿದ್ದೆ. ಮೂರು ವರ್ಷಾನೂ ನಾನೇ."

ಸಿದ್ದಗಂಗಮ್ಮನ ಕೈ ಜಾರಿತು. ಹೊಸ್ತಿಲ ಮೇಲೆ ಕೂತಳು. ಅವಳು ಮತ್ತೆ ಮಾತಾಡಿದಾಗ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಹಾಗಾದರೆ ಅವನು ಒಂದು ಸಲವೂ ಬಂದಿಲ್ಲ ಎಂದಳು. ಆಮೇಲೆ ಸೊಸೆಯನ್ನು ಹತ್ತಿರ ಕರೆದು, ಬರುವ ಗಂಡನೇ ಇಲ್ಲ ಎಂದ ಮೇಲೆ ನೀನು ಯಾರಿಗೆ ಕಾಯುತ್ತೀಯ, ಹೋಗವ್ವ, ಅವರಿಗೆ ಬರಲಿಕ್ಕೆ ಹೇಳು ಎಂದಳು. ಮಾನಸಾ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತದ್ದು ಸಂತೋಷಕ್ಕೋ ದುಃಖಕ್ಕೋ ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಾರದು. ಬಾಗಿಲು ತೆಗೆದರು. ಎಲೆಯ ಮೇಲಿನ ಮುದ್ದೆ ಒಣಗಿ ಬಿರಿದಿತ್ತು. ಸಿದ್ದಗಂಗಮ್ಮ ನನಗೂ ಸೊಸೆಗೂ ಬಡಿಸಿ ಒಳಗೆ ಹೋಗಿ ಮಲಗಿದಳು. ನೇತ್ರಾವತಿಗೆ ಬಡಿಸಿದವಳು ಮಾನಸಾ.

ಸಂಜೆಯ ಬಸ್ಸಿಗೆ ಹೊರಟಾಗ ಸಿದ್ದಗಂಗಮ್ಮ ಬಾಗಿಲಿಗೆ ಬರಲಿಲ್ಲ. ಕುಣಿಗಲ್ಲಿನಲ್ಲಿ ತುಮಕೂರಿನ ಬಸ್ಸು ಹತ್ತಿ ಕೂತ ಮೇಲೆ ನಾನು ನೇತ್ರಾವತಿಗೆ ಸಮಾಧಾನ ಹೇಳಿದೆ. ಸರಿಯಾದದ್ದನ್ನೇ ಮಾಡಿದೆ, ಅವ್ವನ ಕೋಪ ಇಳಿಯುತ್ತದೆ, ಹುಡುಗಿ ಬದುಕಿಕೊಂಡಳು ಎಂದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಮಾತು ಬೆಳೆಸಲಿಕ್ಕೆಂದು, ಅಲ್ಲವೇ, ಗೇಮನ್ನು ಎದುರಿಗೆ ನಿಂತು ಒತ್ತಿದರೆ ಮಾತ್ರ ನಡೆಯುತ್ತದೆ ಎಂದು ನೀನೇ ಹೇಳಿದ್ದೆಯಲ್ಲ, ವಾರ ಮುಂಚೆ ಟೈಮ್ ಹೇಗೆ ಕೊಟ್ಟೆ ಎಂದು ಕೇಳಿದೆ.

ಟೈಮ್ ಕೊಡುವಂಥದ್ದು ಅದರಲ್ಲಿ ಇಲ್ಲವೇ ಇಲ್ಲ ಎಂದಳು. ಆ ವರ್ಷ ಆಫೀಸಿನಲ್ಲಿ ರಜೆ ಸಿಗದೆ, ಅರ್ಧ ದಿನ ಕೆಲಸ ಮಾಡಿ ಗುಬ್ಬಿಯಿಂದ ಹೊರಟಿದ್ದಳು. ಬರುವ ತನಕ ಬಾಗಿಲು ಮುಚ್ಚಬೇಡಿ ಎಂದು ಹೇಳಿದ್ದರೂ ಸಿದ್ದಗಂಗಮ್ಮ ಮುಚ್ಚಿಬಿಟ್ಟಿದ್ದಳು. ಇವಳು ಕುಣಿಗಲ್ ಬಸ್ ಸ್ಟಾಂಡಿನಲ್ಲಿ ಇಳಿಯುವಾಗ ಮಾನಸಾ ಫೋನ್ ಮಾಡಿ, ಅತ್ಗೆ, ಅವರು ಕೂಗಿದರು, ನಾನೂ ಕೇಳಿಸಿಕೊಂಡೆ ಎಂದು ಅತ್ತಳಂತೆ. ಆಗ ಗೇಮು ಇವಳ ಬ್ಯಾಗಿನಲ್ಲಿತ್ತು. ಆಫ್ ಆಗಿತ್ತು.

ನಾನು ಬಿಡಲಿಲ್ಲ. ಹಸಿದ ಹೊಟ್ಟೆ, ಅಳುವ ಮನಸ್ಸು, ಅತ್ತೆ ಸೊಸೆ ಇಬ್ಬರಿಗೂ ಭ್ರಮೆ, ಪಕ್ಕದ ಮನೆಯವರು ಯಾರೋ ಕೂಗಿರಬೇಕು ಎಂದೆ. ಹೇಳುತ್ತಿದ್ದ ಹಾಗೆ ನನ್ನ ತೋಳಿನ ಕೂದಲು ನಿಂತದ್ದು ನನಗೇ ಕಾಣುತ್ತಿತ್ತು. ಹೆಬ್ಬೂರು ದಾಟಿತು. ಆಗ ಅವಳು ನನ್ನ ಕಡೆ ತಿರುಗಿದಳು.

"ಇರಬೋದು ಲಕ್ಷ್ಮಕ್ಕ. ಆದ್ರೆ ಅವ್ನು ಬಂದಿದ್ದು ಅಂತ ಇದ್ರೆ ಅದೊಂದೇ ಸಲ. ಅವ್ವ ಅದನ್ನ ಹಿಡ್ಕೊಂಡು ಕೇಳಿದ್ಲು. ಅದೂ ನಾನೇ ಅಂದ್ಬಿಟ್ಟೆ."